ಚಿಕೋರಿಗೆ ಕಟ್ಟಿದ ದಾರ

ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲಿ ಐವನ್ ಲೋಬೋ ಕಾಫಿ ಕುಡಿಯುವುದನ್ನು ಬಿಟ್ಟ. ಹೊಟ್ಟೆಯುರಿ ಎಂದು ಹೆಂಡತಿ ಕ್ರಿಸ್ಟಿನಾಳಿಗೆ ಹೇಳಿದ. ಅವಳು ಅಮೆರಿಕದ ಬೆಲ್‌ವ್ಯೂನ ಆಸ್ಪತ್ರೆಯೊಂದರಲ್ಲಿ ನರ್ಸ್. ಹೊಟ್ಟೆ ಉರಿಯುವವನು ಮೀನಿನ ಖಾರದ ಗಸಿಯನ್ನು ಎರಡೆರಡು ಸಲ ಹಾಕಿಸಿಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಬೆಳಿಗ್ಗೆ ಅವನ ಲೋಟಕ್ಕೆ ಬಿಸಿನೀರು ಸುರಿದು ಮೇಜಿನ ಮೇಲಿಡುತ್ತಿದ್ದಳು. ಅವನು ಅದನ್ನು ಕುಡಿಯುತ್ತ ತನ್ನ ಉಗುರುಗಳನ್ನೇ ನೋಡುತ್ತಿದ್ದ.

ಕಾಫಿ ಬಿಡುವುದೆಂದರೆ ಐವನ್‌ಗೆ ಸಣ್ಣ ಮಾತಲ್ಲ. ಇಲ್ಲಿಗೆ ಬರುವ ಮುಂಚೆ ಅವನು ಮಂಗಳೂರಿನ ಹಂಪನಕಟ್ಟೆಯ ಒಂದು ಕಾಫಿ ಪುಡಿ ಅಂಗಡಿಯಲ್ಲಿ ಹುರಿಯುವ ಕೆಲಸದಲ್ಲಿದ್ದ. ಗುಜರಾತಿನಿಂದ ಗೋಣಿಗಳಲ್ಲಿ ಚಿಕೋರಿ ಬರುತ್ತಿತ್ತು. ಮಳೆಗಾಲದಲ್ಲಿ ಅದು ಗಾಳಿಯ ತೇವ ಹೀರಿ ಕಲ್ಲಿನಂತೆ ಗಟ್ಟಿಯಾದರೆ ಒಡೆದು ಪುಡಿ ಮಾಡುವವನು ಅವನೇ. ಕ್ರಿಸ್ಟಿನಾಳಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿದಾಗ ಅವಳ ಹಿಂದೆ ಬಂದ. ಬೆಲ್‌ವ್ಯೂಗೆ ಹತ್ತಿರದ ಇಸ್ಸಾಕ್ವಾದಲ್ಲಿ ರಸ್ತೆಬದಿಯ ಹುಲ್ಲು ಕೊಯ್ಯುವ ಗುತ್ತಿಗೆದಾರನೊಬ್ಬ ಅವನನ್ನು ಸೇರಿಸಿಕೊಂಡ. ಊರಿನವರು ಫೋನಿನಲ್ಲಿ ಏನು ಕೆಲಸ ಎಂದು ಕೇಳಿದರೆ ಐವನ್, "ರೋಡ್ ಡಿಪಾರ್ಟ್‌ಮೆಂಟ್" ಎನ್ನುತ್ತಿದ್ದ. ಸುಳ್ಳೇನೂ ಅಲ್ಲ.

ಚಿಕೋರಿಯ ಗೋಣಿ ಹೊತ್ತಿದ್ದ, ಅದರ ಪುಡಿ ಮೂಗಿನೊಳಗೆ ಸೇರಿತ್ತು. ಗಿಡವನ್ನು ಮಾತ್ರ ಅವನು ನೋಡಿರಲಿಲ್ಲ. ತೋರಿಸಿದವನು ಅವನ ಮೇಸ್ತ್ರಿ ಡೀನ್. ಇಸ್ಸಾಕ್ವಾದ ಹಳೆಯ ಕಲ್ಲಿದ್ದಲು ಗಣಿಗಳಲ್ಲಿ ಡೀನ್‌ನ ಅಜ್ಜ ದುಡಿದಿದ್ದ. ಅಜ್ಜಿ ಇಟಲಿಯವಳು. ವಸಂತದಲ್ಲಿ ಆಕೆ ರಸ್ತೆಬದಿಯಿಂದ ಇದರ ಎಳೆ ಎಲೆ ಕಿತ್ತು ತಂದು, ಕುದಿಸಿ ಕಹಿ ಬಸಿದು, ಬೆಳ್ಳುಳ್ಳಿ ಎಣ್ಣೆಯಲ್ಲಿ ಬಾಡಿಸುತ್ತಿದ್ದಳಂತೆ. ಗಣಿ ಮುಚ್ಚಿ ಕಾಫಿ ಕೊಳ್ಳಲಾಗದ ವರ್ಷಗಳಲ್ಲಿ ಬೇರು ಅಗೆದು ಒಲೆಯಲ್ಲಿ ಹುರಿದು ಅದನ್ನೇ ಕಾಫಿ ಎಂದು ಕೊಟ್ಟಳಂತೆ. ಗಣಿಯಿಂದ ಬಂದವರ ಪಿತ್ತಕ್ಕೂ ಅದೇ ಕಷಾಯ. ಇಷ್ಟನ್ನು ಡೀನ್ ಕೊಯ್ಯುವ ಯಂತ್ರದ ಸದ್ದಿನ ನಡುವೆ ಕೂಗಿ ಕೂಗಿ ಹೇಳಿದ್ದ. ಐವನ್ ಕೆಳಗಿಳಿದು ನೋಡಿದ. ತಂತಿಯಂಥ ಕಡ್ಡಿಗಳು, ಎಲೆಗಳೇ ಇಲ್ಲವೇನೋ ಎನ್ನುವಂತೆ. ಕಡ್ಡಿಯ ಉದ್ದಕ್ಕೂ ತೊಟ್ಟಿಲ್ಲದೆ ಅಂಟಿಕೊಂಡ ನೀಲಿ ಹೂಗಳು. ಬೆಳಿಗ್ಗೆ ತೆರೆದುಕೊಂಡು ದಾರಿಯನ್ನೇ ನೋಡುತ್ತವೆ, ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತವೆ.

ಆ ಹೂವಿನಿಂದಲೇ ಅವನಿಗೆ ಇನ್ನೊಬ್ಬ ಅಜ್ಜಿಯ ಪರಿಚಯವಾಯಿತು.

ಇಸ್ಸಾಕ್ವಾದಿಂದ ಸಮಾಮಿಶ್ ಗುಡ್ಡಕ್ಕೆ ಏರುವ ರಸ್ತೆಯಲ್ಲಿ ಯಾರೂ ನಡೆಯುವುದಿಲ್ಲ. ನಡೆಯುವವರು ಇದ್ದರೆ ಅವರು ಊರಿನಿಂದ ಮಕ್ಕಳ ಮನೆಗೆ ಬಂದ ಅಪ್ಪ ಅಮ್ಮಂದಿರು. ಜುಲೈ ತಿಂಗಳ ಒಂದು ಬೆಳಿಗ್ಗೆ ಸೀರೆಯ ಮೇಲೆ ಕಂದು ಸ್ವೆಟರ್, ಕಾಲಿಗೆ ಗಂಡಸರ ದೊಡ್ಡ ಶೂಸು ಹಾಕಿಕೊಂಡ ಒಬ್ಬಾಕೆ ಹೂ ಕೀಳುತ್ತಿದ್ದುದನ್ನು ಐವನ್ ಕಂಡ. ಯಂತ್ರ ನಿಲ್ಲಿಸಿದ. ಆಕೆ ಗಾಬರಿಯಿಂದ ಹೂಗಳನ್ನು ಸೆರಗಿಗೆ ಹಾಕಿಕೊಂಡಳು.

"ಎಂತ ಮಾಡ್ತಿದ್ದೀರಿ ಅಜ್ಜಿ?" ಎಂದ ಐವನ್. ಮುಖ ನೋಡಿಯೇ ಕನ್ನಡ ಬಾಯಿಗೆ ಬಂದುಬಿಟ್ಟಿತ್ತು.

ಅಜ್ಜಿ ಕಣ್ಣು ಕಿರಿದು ಮಾಡಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ, "ಅಯ್ ಶಿವನೇ, ಕನ್ನಡದೋನಾ ನೀನು! ನಾನು ಪೋಲೀಸು ಅಂದ್ಕಂಡು ಎದೆ ಒಡ್ಕಂಡೆ" ಎಂದಳು. "ಯಾವೂರಪ್ಪ?"

"ಬೆಳ್ತಂಗಡಿ ಹತ್ರ ಅಜ್ಜಿ."

"ಅಂಗಂದ್ರೆ ಧರ್ಮಸ್ಥಳದೋನು!"

"ಧರ್ಮಸ್ಥಳ ಹತ್ರವೇ. ಆದ್ರೆ ನಾವು ಇಗರ್ಜಿಗೆ ಹೋಗುವವರು."

"ಎಲ್ಲಿಗಾದ್ರೂ ಓಗು, ಬುಡು. ಎಸರೇನು?"

"ಐವನ್."

"ಐವಣ್ಣ ಅಂತ ಇಟ್ಕಳಾನ. ನೋಡು ಐವಣ್ಣ, ಈ ಊವು ಎಂಥ ಮೋಸದ್ದು. ದೇವ್ರಿಗೆ ಅಂತ ಕಿತ್ರೆ ಮನೆ ಮುಟ್ಟೋ ಒತ್ಗೆ ಕಣ್ಣು ಮುಚ್ಕಂಡಿರ್ತದೆ. ಏನು ಗಿಡ ಇದು?"

ಐವನ್ ಹೇಳಿದ. ಕಾಫಿಗೆ ಹಾಕುವ ಚಿಕೋರಿ ಇದರ ಬೇರು ಎಂದ. ಒಣಗಿಸಿ, ತುಂಡು ಮಾಡಿ, ಕಪ್ಪಾಗದ ಹಾಗೆ ಕೆಂಪಗೆ ಹುರಿದು ಪುಡಿ ಮಾಡಬೇಕು ಎಂದ. ಡೀನ್‌ನ ಅಜ್ಜಿಯ ಪಿತ್ತದ ಕಷಾಯವನ್ನೂ ಹೇಳಿದ. ಕುಣಿಗಲ್ ಕಡೆಯ ಈ ಅಜ್ಜಿಗೆ ಮಗಳ ಮನೆಯ ಕಾಫಿ ಒಂದು ದಿನವೂ ಹಿಡಿಸಿರಲಿಲ್ಲ. "ಬಣ್ಣನೂ ಇಲ್ಲ, ಗಟ್ಟಿನೂ ಇಲ್ಲ. ಪ್ಯೂರ್ ಕಾಫಿ ಅಂತಾಳೆ ನನ್ ಮಗಳು. ಪ್ಯೂರು ಕಟ್ಕಂಡು ಏನು ಮಾಡಾನ?" ಎಂದು ನಕ್ಕಳು. ನಕ್ಕವಳು ಬಗ್ಗಿ ಗಿಡದ ಬುಡವನ್ನು ಮುಟ್ಟಿದಳು, ಮಗುವಿನ ನೆತ್ತಿ ಮುಟ್ಟಿದ ಹಾಗೆ.

ಅದಾದ ಮೇಲೆ ಆ ರಸ್ತೆಯಲ್ಲಿ ಕೆಲಸವಿದ್ದಾಗಲೆಲ್ಲ ಐವನ್ ಬೆಳಿಗ್ಗೆ ಅಜ್ಜಿಗಾಗಿ ನೋಡುತ್ತಿದ್ದ. ಕೆಲವು ದಿನ ಸಿಗುತ್ತಿದ್ದಳು. ಕಾಗದದಲ್ಲಿ ಸುತ್ತಿದ ಚಕ್ಕುಲಿ ಕೊಡುತ್ತಿದ್ದಳು. ಅವಳು ಅವನಿಗೆ ಹೆಸರಿಟ್ಟಿದ್ದಳು. ಅವನು ಮಾತ್ರ ಅವಳ ಹೆಸರು ಕೇಳಲಿಲ್ಲ, ಮನೆ ಯಾವುದೆಂದೂ ಕೇಳಲಿಲ್ಲ. ಅಜ್ಜಿ ಎಂದರೆ ಸಾಕಾಗಿತ್ತು.

ಆಗಸ್ಟ್ ತಿಂಗಳಲ್ಲಿ ಕೆಲವು ಗಿಡಗಳ ಬುಡದಲ್ಲಿ ಅರಿಶಿನ ಹಚ್ಚಿದ ದಾರ ಕಂಡಿತು. ಅದು ಅಜ್ಜಿಯ ಕೈಕೆಲಸವೆಂದು ಐವನ್‌ಗೆ ತಕ್ಷಣ ಹೊಳೆಯಿತು. ಅವನ ಊರಿನಲ್ಲಿ ಹಲಸಿನ ಮರವನ್ನು ಯಾರಿಗಾದರೂ ಕೊಡುವುದಾಗಿ ಮಾತುಕೊಟ್ಟರೆ ಕಾಂಡಕ್ಕೆ ತೆಂಗಿನ ಗರಿ ಸುತ್ತಿ ಕಟ್ಟುತ್ತಿದ್ದರು. ಕಟ್ಟಿದೆ ಎಂದರೆ ಮುಟ್ಟಬಾರದು. ಅಜ್ಜಿ ಬೀಜಕ್ಕೋ ಹೂವಿಗೋ ಈ ಗಿಡಗಳನ್ನು ಬಿಟ್ಟಿದ್ದಾಳೆ, ಮುಟ್ಟಬೇಡ ಎಂದು ತನಗೇ ಹೇಳುತ್ತಿದ್ದಾಳೆ ಎಂದುಕೊಂಡ. ದಾರ ಕಟ್ಟಿದ ಗಿಡಗಳನ್ನು ಸುತ್ತುಹಾಕಿ ಯಂತ್ರ ಓಡಿಸಿದ. ಡೀನ್ ನೋಡಿ ಹುಬ್ಬೇರಿಸಿದ. ಆ ವಾರ ಅವರನ್ನು ಬೇರೆ ರಸ್ತೆಗೆ ಕಳಿಸಿದ್ದರಿಂದ ಆ ಗಿಡಗಳಿಗೆ ಆಮೇಲೆ ಏನಾಯಿತೆಂದು ಅವನು ನೋಡಲಿಲ್ಲ.

ಸೆಪ್ಟೆಂಬರ್ ನಡುವೆ ಒಂದು ಬೆಳಿಗ್ಗೆ ಡೀನ್, "ಇವತ್ತು ಕೊಯ್ಯೋದಿಲ್ಲ, ಮದ್ದು ಬಿಡೋದು" ಎಂದ. ದನಕರುಗಳಿಗೆ ವಿಷವಾಗುವ ಹಳದಿ ಹೂವಿನ ಕಳೆಯೊಂದು ಆ ರಸ್ತೆಬದಿಗೆ ಹಬ್ಬಿತ್ತು. ಅದನ್ನು ಕೊಲ್ಲಬೇಕು. ಆ ಕಳೆ ಚಿಕೋರಿಯ ಒಳಗೇ ಹೆಣೆದುಕೊಂಡು ನಿಂತಿತ್ತು. ಮದ್ದು ಬಿಡುವವನು ರಜೆಯಲ್ಲಿದ್ದ. ಟ್ಯಾಂಕ್ ಐವನ್‌ನ ಬೆನ್ನಿಗೆ ಬಂತು.

ಅವನು ಟ್ಯಾಂಕಿನ ಮುಚ್ಚಳ ಬಿಗಿಯಾಗಿದೆಯೇ ಎಂದು ಎರಡೆರಡು ಸಲ ನೋಡಿದ.

ಊರಿನಲ್ಲಿ ಅವನ ಮನೆಯ ಹಿಂದಿನ ಗುಡ್ಡ ಪೂರ್ತಿ ಗೇರುತೋಟವಾಗಿತ್ತು. ಅವನು ಹುಡುಗನಾಗಿದ್ದಾಗ ಅದಕ್ಕೆ ಹೆಲಿಕಾಪ್ಟರಿನಿಂದ ಮದ್ದು ಬಿಡುತ್ತಿದ್ದರು. ಹಿಂದಿನ ದಿನ ಜೀಪಿನಲ್ಲಿ ಮೈಕು ಹಿಡಿದು ಬರುತ್ತಿದ್ದರು: ಬಾವಿ ಮುಚ್ಚಿಕೊಳ್ಳಿ, ದನ ಕಟ್ಟಿಕೊಳ್ಳಿ. ಅಪ್ಪ ಅಮ್ಮ ಬಾವಿಯ ಮೇಲೆ ತೆಂಗಿನ ಗರಿ ಹಾಸಿ ಮೇಲೆ ಕಲ್ಲಿಡುತ್ತಿದ್ದರು. ಬೇರೇನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಅವನ ತಮ್ಮ ಡೇನಿಯಲ್ ಹುಟ್ಟಿದ್ದು ಆ ವರ್ಷಗಳಲ್ಲಿ. ಡೇನಿಯಲ್‌ನ ಕತ್ತು ನಿಲ್ಲಲೇ ಇಲ್ಲ. ಒಂಬತ್ತು ವರ್ಷ ಅಮ್ಮನ ತೊಡೆಯ ಮೇಲೆ ಮಲಗಿ ಬಾಗಿಲಿನತ್ತ ನೋಡುತ್ತಿದ್ದು ಹೋಗಿಬಿಟ್ಟ. ಮದ್ದಿನಿಂದ ಎಂದು ಯಾವ ಡಾಕ್ಟರೂ ಬರೆದುಕೊಡಲಿಲ್ಲ, ಮದ್ದಿನಿಂದ ಅಲ್ಲ ಎಂದೂ ಬರೆದುಕೊಡಲಿಲ್ಲ. ಆ ಬಾವಿಯ ಗರಿಗಳನ್ನು ಆಮೇಲೆ ಯಾರೂ ತೆಗೆಯಲಿಲ್ಲ. ಅವು ಅಲ್ಲಿಯೇ ಕೊಳೆತವು.

"ಇದು ಅಂಥ ಮದ್ದಲ್ಲ ಐವನ್. ಗಿಡಕ್ಕೆ ಮಾತ್ರ. ಒಣಗಿದ ಮೇಲೆ ಏನೂ ಇಲ್ಲ" ಎಂದ ಡೀನ್. ಅವನಿಗೆ ಡೇನಿಯಲ್ ವಿಷಯ ಗೊತ್ತಿರಲಿಲ್ಲ. ಐವನ್‌ನ ಮುಖ ನೋಡಿ ಹೇಳಿದನಷ್ಟೆ.

ಎಲ್ಲಿ ಬಿದ್ದಿದೆಯೆಂದು ಕಾಣಲಿ ಎಂದು ಮದ್ದಿಗೆ ನೀಲಿ ಬಣ್ಣ ಬೆರೆಸಿದ್ದರು. ಐವನ್ ಬಿಡುತ್ತ ಹೋದಂತೆ ಹೂವಿನ ನೀಲಿಯ ಮೇಲೆ ಇನ್ನೊಂದು ನೀಲಿ ಬಿತ್ತು. ಕೈಗವಸಿನ ಒಂದು ಬೆರಳು ಹರಿದಿತ್ತೋ ಏನೋ, ಉಗುರಿನೊಳಗೂ ಸೇರಿತು. ಅವನಿಗೆ ಆಗ ಅಜ್ಜಿಯದೇ ಯೋಚನೆ. ಅವಳು ಬರುವುದು ಮುಂಜಾನೆ, ಆಗ ಇಬ್ಬನಿ, ಬಣ್ಣ ಕಾಣದು. ಎಚ್ಚರಿಕೆಯ ಕಾಗದಗಳನ್ನು ಕಡ್ಡಿಗೆ ಸಿಕ್ಕಿಸಿ ನೆಟ್ಟ, ಆದರೆ ಅವು ಇಂಗ್ಲಿಷಿನಲ್ಲಿವೆ. ಮನೆ ಗೊತ್ತಿಲ್ಲ. ಅವಳಿಗೆ ಅರ್ಥವಾಗುವ ಗುರುತು ಒಂದೇ ಇದೆ ಎನಿಸಿತು. ಲಾರಿಯಲ್ಲಿ ಅಳತೆಗೆ ಹಿಡಿಯುವ ಹಳದಿ ನೈಲಾನ್ ದಾರವಿತ್ತು. ಅದನ್ನು ತುಂಡು ತುಂಡು ಮಾಡಿ, ಮದ್ದು ಬಿದ್ದ ಚಿಕೋರಿ ಗಿಡಗಳ ಬುಡಕ್ಕೆಲ್ಲ ಗಂಟು ಹಾಕಿ ಕಟ್ಟಿದ. ಮೊಣಕಾಲೂರಿ, ಒಂದನ್ನೂ ಬಿಡದೆ. ಮುಟ್ಟಬೇಡ ಅಜ್ಜಿ, ಮುಟ್ಟಬೇಡ ಎಂದು ಪ್ರತಿ ಗಂಟಿಗೂ ಅಂದುಕೊಂಡ.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ನಿಂತು ನೋಡಿದ. ದಾರ ಕಟ್ಟಿದ್ದ ಗಿಡಗಳು ಇರಲಿಲ್ಲ. ಒಂದೊಂದರ ಜಾಗದಲ್ಲೂ ಒಂದೊಂದು ಸಣ್ಣ ಗುಂಡಿ. ಅಂಚು ನೀಟಾಗಿತ್ತು, ಸೌಟಿನ ಹಿಡಿಯಲ್ಲಿ ಅಗೆದ ಹಾಗೆ. ದಾರವಿಲ್ಲದ ಗಿಡಗಳು ಹಾಗೆಯೇ ನಿಂತಿದ್ದವು. ಎಳೆ ಬಿಸಿಲಿಗೆ ಹೂ ತೆರೆದು ಅವನನ್ನು ನೋಡಿದವು.

ಆ ಶನಿವಾರ ಕ್ರಿಸ್ಟಿನಾ ಹೇಳಿದ ಕುಚಲಕ್ಕಿ ತರಲು ಬೆಲ್‌ವ್ಯೂಗೆ ಹೋದಾಗ, ಅಂಗಡಿ ನಡೆಸುವ ಜಾನಕಿಯವರನ್ನು ಕೇಳಿದ. ಅವರು ತುಮಕೂರಿನವರು.

"ಅಕ್ಕಾ, ನಿಮ್ಮ ಕಡೆ ಗಿಡಕ್ಕೆ ಹಳದಿ ದಾರ ಕಟ್ಟಿದ್ರೆ ಎಂತ ಅರ್ಥ? ಮುಟ್ಟಬಾರದು ಅಂತ ಅಲ್ವಾ?"

ಜಾನಕಿ ತಕ್ಕಡಿಯಿಂದ ತಲೆಯೆತ್ತದೆ ನಕ್ಕರು. "ಮುಟ್ಬಾರ್ದು ಅಂತಲ್ಲ ಐವನ್, ಕೀಳ್ತೀನಿ ಅಂತ! ನಾಟಿ ಔಷಧಿ ಕೊಡೋರು ಹಾಗ್ ಮಾಡ್ತಾರೆ. ಹಿಂದಿನ್ ಸಂಜೆ ಗಿಡಕ್ಕೆ ಅರಿಶಿನದ್ ದಾರ ಕಟ್ಟಿ, ನಾಳೆ ಬರ್ತೀನಮ್ಮ, ಬೇರು ಕೊಡು ಅಂತ ಕೇಳ್ಕೋಬೇಕು. ಬೆಳಿಗ್ಗೆ ಎದ್ದು ಯಾರ್ ಹತ್ರನೂ ಮಾತಾಡ್ದೆ ಬಂದು ಅಗೀಬೇಕು. ದಾರ ಕಟ್ಟಿರೋ ಗಿಡ ಅಂದ್ರೆ ಒಪ್ಕೊಂಡಿದೆ ಅಂತ. ಯಾಕೆ, ನೀವೂ ಔಷಧಿ ಶುರು ಮಾಡಿದ್ರಾ?"

ಐವನ್ ಅಕ್ಕಿಯ ಚೀಲವನ್ನು ಅಲ್ಲಿಯೇ ಬಿಟ್ಟು ಬಂದಿದ್ದ. ಮನೆ ಮುಟ್ಟಿದ ಮೇಲೆ ಕ್ರಿಸ್ಟಿನಾ ಕೇಳಿದಾಗಲೇ ಅದು ನೆನಪಾದದ್ದು.

ಅವನೇ ಮದ್ದು ಬಿಟ್ಟ. ಅವನೇ ಒಂದೊಂದು ಗಿಡವನ್ನೂ ಇದು ಒಪ್ಪಿಕೊಂಡಿದೆ, ಅಗೆದುಕೊ ಎಂದು ಅಜ್ಜಿಗೆ ತೋರಿಸಿಕೊಟ್ಟ. ಹೇಗೆ ಒಣಗಿಸಬೇಕು, ಹೇಗೆ ಹುರಿಯಬೇಕು ಎಂದು ಕಲಿಸಿದವನೂ ಅವನೇ.

ಮರುವಾರದಿಂದ ಅವರ ಕೆಲಸ ಫಾಲ್ ಸಿಟಿ ಕಡೆಗೆ ಬಿತ್ತು. ಬೆಳಕು ಹರಿಯುವ ಮೊದಲೇ ಆ ದಿಕ್ಕಿಗೆ ಹೋಗಬೇಕು, ಕತ್ತಲಾಗುವಾಗ ಬರಬೇಕು. ಮತ್ತೆ ಗುಡ್ಡದ ರಸ್ತೆಗೆ ಬಂದಾಗ ಅಕ್ಟೋಬರ್ ಆಗಿತ್ತು. ಅಜ್ಜಿ ಇರಲಿಲ್ಲ. ಮರುದಿನವೂ ಇರಲಿಲ್ಲ. ಗುಂಡಿಗಳಲ್ಲಿ ಮಳೆನೀರು ನಿಂತಿತ್ತು.

ಅಲ್ಲಿಂದ ಅವಳು ಅವನಿಗೆ ಕಾಣಿಸತೊಡಗಿದಳು. ಮಂಜಿನಲ್ಲಿ ರಸ್ತೆಯ ಅಂಚಿಗೆ ಕಂದು ಸ್ವೆಟರ್ ಕಾಣುತ್ತಿತ್ತು. ಬ್ರೇಕ್ ಒತ್ತಿ ಹತ್ತಿರ ಹೋದರೆ ಒದ್ದೆಯಾದ ಮರದ ಕಂಬ. ಒಮ್ಮೆ ಕಂಬವೆಂದೇ ತಿಳಿದು ಮುಂದೆ ಹೋದವನಿಗೆ ಕನ್ನಡಿಯಲ್ಲಿ ಅದು ಬಗ್ಗಿದಂತೆ ಕಂಡಿತು. ಹಿಂದಕ್ಕೆ ಬಂದ. ಕಂಬವೇ. ಯಂತ್ರದ ಸದ್ದಿನೊಳಗಿಂದ "ಐವಣ್ಣ" ಎಂದು ಕರೆದಂತಾಗಿ ಎಷ್ಟೋ ಸಲ ನಿಲ್ಲಿಸಿದ. ನಿಲ್ಲಿಸಿದರೆ ಮಳೆಯ ಸದ್ದು. ಭಾನುವಾರ ಇಗರ್ಜಿಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವಾಗ ಡೇನಿಯಲ್ ಎಂದು ಮನಸ್ಸಿನಲ್ಲಿ ಅಂದುಕೊಂಡು, ಪಕ್ಕದಲ್ಲಿ ಇನ್ನೊಂದು ಹೆಸರು ಇಡಲು ಹೋದ. ಹೆಸರು ಗೊತ್ತಿರಲಿಲ್ಲ. ಹೆಸರಿಲ್ಲದೆ ಹೇಗೆ ಕೇಳಿಕೊಳ್ಳುವುದು? ಸತ್ತಿಲ್ಲದಿದ್ದರೆ ಹೇಗೆ ಕೇಳಿಕೊಳ್ಳುವುದು?

ಮನೆಯಲ್ಲಿ ಕ್ರಿಸ್ಟಿನಾ ಡಿಕಾಕ್ಷನ್ ಹಾಕಿದರೆ ಅವನಿಗೆ ಹುರಿದ ಬೇರಿನ ಸಿಹಿಗಟ್ಟಿದ ಸುಟ್ಟ ವಾಸನೆ ಬರುತ್ತಿತ್ತು. ಅವಳ ಪುಡಿಯಲ್ಲಿ ಚಿಕೋರಿಯೇ ಇರಲಿಲ್ಲ. ಉಗುರಿನ ನೀಲಿ ಎಂದೋ ಹೋಗಿತ್ತು. ಅವನು ಮಾತ್ರ ಬ್ರಶ್ ಹಾಕಿ ಉಜ್ಜುತ್ತಲೇ ಇದ್ದ.

ಕೊನೆಗೆ ಒಂದು ದಿನ ಕ್ರಿಸ್ಟಿನಾ ಬ್ರಶ್ ಕಸಿದುಕೊಂಡಳು. ಬೆರಳ ತುದಿಯಿಂದ ರಕ್ತ ಬರುತ್ತಿತ್ತು. "ಈಗ ಹೇಳುತ್ತೀಯೋ, ಇಲ್ಲ ನಾನೇ ಡಾಕ್ಟರಿಗೆ ಹೇಳಲೋ?" ಎಂದಳು ಕೊಂಕಣಿಯಲ್ಲಿ. ಅವನು ಹೇಳಿದ. ಅವಳು ಬೆರಳುಗಳಿಗೆ ಪಟ್ಟಿ ಸುತ್ತುತ್ತ ಕೇಳಿಸಿಕೊಂಡಳು. "ನಮ್ಮ ಎಮರ್ಜೆನ್ಸಿಗೆ ಅಂಥ ಅಜ್ಜಿ ಬಂದದ್ದು ನಾನು ಕೇಳಿಲ್ಲ" ಎಂದಳು. "ಆದರೆ ಆಸ್ಪತ್ರೆ ನಮ್ಮದೊಂದೇ ಅಲ್ಲವಲ್ಲ. ಹೋಗಿ ಹುಡುಕು. ಹುಡುಕಿದ್ದು ಏನೇ ಆಗಲಿ, ಇದಕ್ಕಿಂತ ವಾಸಿ."

ನವೆಂಬರಿನ ಮೊದಲ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿಕೊಂಡು ಐವನ್ ಗುಡ್ಡದ ಮೇಲಿನ ಬಡಾವಣೆಗೆ ಹೋದ. ಒಂದೇ ಅಚ್ಚಿನ ಮನೆಗಳು. ಬಾಗಿಲಿಗೆ ತೋರಣವಿದ್ದಲ್ಲೆಲ್ಲ ಗಂಟೆ ಒತ್ತಿದ.

"ಅಜ್ಜಿ ಉಂಟಾ ಮನೆಯಲ್ಲಿ?"

ಒಂದು ಮನೆಯವರು ತೆಲುಗರು. ಇನ್ನೊಂದರಲ್ಲಿ ನಿಜಕ್ಕೂ ಒಬ್ಬ ಅಜ್ಜಿ ಬಂದರು, ಮೈಸೂರಿನವರು. "ಯಾರಪ್ಪಾ ನೀವು, ನನ್ನನ್ನ ಹುಡುಕ್ಕೊಂಡು ಬಂದೋರು? ನಮ್ಮ ಯಜಮಾನ್ರೇ ಹುಡುಕಲ್ಲ" ಎಂದರು. ಸ್ವೆಟರಿನ ಅಜ್ಜಿಯ ಗುರುತು ಹೇಳಿದರೆ, "ಸ್ವೆಟರ್ ಹಾಕ್ದೇ ಇರೋ ಅಜ್ಜಿ ಯಾರಿದಾರೆ ಈ ಊರಲ್ಲಿ?" ಎಂದರು. ಮಧ್ಯಾಹ್ನ ಕಳೆಯಿತು. ಮಳೆ ಹನಿಯತೊಡಗಿತು. ಸಂಜೆಯ ಮಬ್ಬಿನಲ್ಲಿ ಐವನ್ ತಿರುವಿನ ಕೊನೆಯ ಮನೆಯ ಮುಂದೆ ಬಂದು ನಿಂತ.

ಬಾಗಿಲ ಪಕ್ಕದ ಕಂಬಕ್ಕೆ ಅವನ ಹಳದಿ ನೈಲಾನ್ ದಾರದ ಒಂದು ತುಂಡು ಕಟ್ಟಿತ್ತು.

ಕೈ ಗಂಟೆಯ ಮೇಲಿಟ್ಟರೂ ಒತ್ತಲಾಗಲಿಲ್ಲ. ಒಳಗಿಂದಲೇ ಯಾರೋ ಅವನನ್ನು ಕಂಡಿರಬೇಕು. ಬಾಗಿಲು ತೆರೆಯಿತು. ಮೂವತ್ತರ ಆಸುಪಾಸಿನ ಹೆಂಗಸು, ಕೈಯಲ್ಲಿ ಸೌಟು.

"ಯೆಸ್?"

"ಇಲ್ಲಿ… ಅಜ್ಜಿ ಒಬ್ಬರು…"

ಅವಳು ಅವನ ಕೆಲಸದ ಕೋಟನ್ನು, ಬೂಟನ್ನು ನೋಡಿದಳು. ಮುಖ ಅರಳಿತು. "ಅಯ್ಯೋ, ನೀವೇನಾ ಐವಣ್ಣ? ಬನ್ನಿ ಬನ್ನಿ ಒಳಗೆ! ನಾನು ಸುಪ್ರಿಯಾ. ಅಮ್ಮ ಹೋಗೋವಾಗ ಹೇಳಿ ಹೇಳಿ ಹೋದ್ಲು, ಐವಣ್ಣ ಬರ್ತಾನೆ, ದಾರ ನೋಡಿ ಗುರ್ತು ಹಿಡೀತಾನೆ ಅಂತ."

"ಹೋದ್ರಾ?" ಎಂದ ಐವನ್.

"ಊರಿಗೆ. ವೀಸಾ ಆರೇ ತಿಂಗಳು ಅಲ್ವಾ? ಸೆಪ್ಟೆಂಬರ್ ಕೊನೇಲಿ ಫ್ಲೈಟ್ ಹತ್ಸಿದ್ವಿ. ಯಾಕೆ ಹೀಗೆ ಬೆವರ್ತಿದೀರಾ? ಕೂತ್ಕೊಳ್ಳಿ."

ಅವನು ಬಾಗಿಲಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಸುಪ್ರಿಯಾ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದಳು. "ನಿಮಗೇ ಅಂತ ಇಟ್ಟಿದ್ದು. ಹೋಗೋ ಮುಂಚೆ ಒಂದು ವಾರ ದಿನಾ ಬೆಳಿಗ್ಗೆ ಈ ಡಬ್ಬಿ ಹಿಡ್ಕೊಂಡು ರೋಡಲ್ಲಿ ನಿಂತ್ಕೋತಿದ್ಲು. ಚಳಿ ಅಮ್ಮಾ ಅಂದ್ರೆ ಕೇಳ್ತಿರ್ಲಿಲ್ಲ. ನೀವು ಬರ್ಲೇ ಇಲ್ಲ."

ಡಬ್ಬಿಯ ತುಂಬ ಒಣಗಿದ ಬೇರುಗಳು. ತೊಳೆದು, ಸಮನಾಗಿ ಜೋಡಿಸಿ ಇಟ್ಟಿದ್ದವು. ಪ್ರತಿಯೊಂದಕ್ಕೂ ಅವನ ಗಂಟು ಹಾಗೆಯೇ ಇತ್ತು.

"ಇದರಲ್ಲಿ ಕಾಫಿ ಮಾಡಿ ಅವರು ಕುಡಿದ್ರಾ?"

"ಏನೋ ಹುರೀತಿದ್ಲು ಗರಾಜಲ್ಲಿ. ಊರಿಗೂ ಒಂದಷ್ಟು ಪುಡಿ ಕಟ್ಕೊಂಡು ಹೋದ್ಲು. ಇದೇನಾ, ಮುಂಚೇದಾ, ನಂಗೊತ್ತಿಲ್ಲ. ಯಾಕೆ?"

ಐವನ್ ಹೇಳಿದ. ಮದ್ದು, ನೀಲಿ ಬಣ್ಣ, ದಾರ, ಎಲ್ಲವನ್ನೂ. ಹೇಳುತ್ತ ಹೋದಂತೆ ಸುಪ್ರಿಯಾಳ ಕೈಯಲ್ಲಿದ್ದ ಸೌಟು ಕೆಳಗಿಳಿಯಿತು. ಅವಳು ಫೋನ್ ತಂದು ಸ್ಪೀಕರ್ ಹಾಕಿ, ಊರಿಗೆ ಮಾತಾಡಲೆಂದು ಕೊಂಡಿದ್ದ ಕಾಲಿಂಗ್ ಕಾರ್ಡಿನ ಉದ್ದದ ನಂಬರ್ ಒತ್ತತೊಡಗಿದಳು. ಒಮ್ಮೆ ತಪ್ಪಾಯಿತು. ಮತ್ತೆ ಒತ್ತಿದಳು. ಅಲ್ಲಿ ಆಗ ಸೋಮವಾರದ ಬೆಳಿಗ್ಗೆ. ರಿಂಗು ಹೋಗುತ್ತಿತ್ತು, ಹೋಗುತ್ತಲೇ ಇತ್ತು. ಕಾರ್ಡಿನ ದನಿ ಎಷ್ಟು ನಿಮಿಷ ಉಳಿದಿದೆಯೆಂದು ಹೇಳಿತ್ತಲ್ಲ, ಅಷ್ಟೂ ನಿಮಿಷ ರಿಂಗೇ ಆಗಿಬಿಡುತ್ತದೇನೋ ಎಂದು ಐವನ್‌ಗೆ ಅನಿಸಿತು.

"ಅಲೋ, ಯಾರು?"

"ಅಮ್ಮಾ! ಏನ್ ಮಾಡ್ತಿದೀಯಾ?"

"ಏನ್ ಮಾಡಾನ, ಕಾಪಿ ಬಸೀತಿದೀನಿ. ಯಾಕಮ್ಮಿ, ಇಂಗೆ ಕಿರುಚ್ತೀಯ?"

ಐವನ್ ಫೋನನ್ನು ಕಸಿದುಕೊಂಡಂತೆ ತೆಗೆದುಕೊಂಡ. "ಅಜ್ಜಿ, ನಾನು, ಐವನ್. ಕುಡೀಬೇಡಿ. ಎಂತ ಪುಡಿ ಹಾಕಿದ್ದೀರಿ?"

"ಐವಣ್ಣನಾ! ಬಂದ್ಯಾ ಅಂತೂ? ಡಬ್ಬ ಕೊಟ್ಲಾ ನನ್ ಮಗ್ಳು?"

"ಅಜ್ಜಿ, ಎಂತ ಪುಡಿ?"

"ಅಂಗ್ಡಿ ಪುಡಿ ಕಣಪ್ಪ. ಅಲ್ಲಿಂದ ತಂದಿದ್ದು ದಸರಕ್ಕೇ ಮುಗ್ದೋಯ್ತು. ಬೀದಿಗೆಲ್ಲ ಕೊಟ್ಟೆ. ಭಾಳ ಚೆನ್ನಾಗಿತ್ತು."

"ಅದು ಯಾವ ಗಿಡದ್ದು? ನಾನು ಕಟ್ಟಿದ ಗಿಡದ್ದಾ?"

ಆ ಕಡೆ ಏನೋ ಕೆಳಗಿಟ್ಟ ಸದ್ದಾಯಿತು. ಅಜ್ಜಿಯ ದನಿಯಲ್ಲಿ ಮುನಿಸು ಬಂತು. "ನೀನು ಕಟ್ಟಿದ್ದನ್ನ ನಾನ್ಯಾಕೆ ಕುಡೀಲಿ? ನಾನು ಕಟ್ಟಿದ್ದು ಆಗಸ್ಟಲ್ಲೇ ಅಗ್ದಿದ್ದೆ, ಅದು ನಂದು. ಒಬ್ರು ದಾರ ಕಟ್ಟಿ ಕೇಳ್ಕಂಡಿರೋದನ್ನ ಇನ್ನೊಬ್ರು ಬಾಯಿಗಾಕ್ಕಂಡ್ರೆ ಆಯ್ತದಾ? ನಮ್ಮವ್ವ ಕಾಮಾಲೆಗೆ ಔಸ್ತಿ ಕೊಡೋಳು, ನಂಗೆ ಅಷ್ಟು ಗೊತ್ತಿಲ್ವಾ? ನಿನ್ ಲಾರಿ ದಾರ ಅಂತ ನೋಡ್ತಲೇ ಗೊತ್ತಾಯ್ತು, ಅಷ್ಟೊಂದು ಗಿಡಕ್ಕೆ ಕಟ್ಟಿದ್ದೆ ನೀನು. ಅಯ್ಯೋ, ಈ ಮಗಂಗೆ ಏನೋ ದೊಡ್ಡ ಕಾಯ್ಲೆನೇ ಬಂದೈತೆ, ಬೆಳಗಾನ ಕೆಲ್ಸಕ್ಕೆ ಓಗ್ಬೇಕು, ಅಗ್ಯಕ್ಕೆ ಒತ್ತಿಲ್ಲ ಅಂತ ನಾನೇ ಅಗ್ದಿಟ್ಟೆ. ನಿನ್ ಎಸ್ರಲ್ಲಿ ದೀಪನೂ ಅಚ್ಚಿದೀನಿ. ವಾಸಿ ಆಯ್ತಾ?"

ಸುಪ್ರಿಯಾ ಬಾಗಿಲಿಗೆ ಒರಗಿ ಕಣ್ಣು ಮುಚ್ಚಿದಳು.

"ಅಜ್ಜಿ, ಅವುಗಳಿಗೆ ನಾನು ಮದ್ದು ಬಿಟ್ಟಿದ್ದೆ. ಕಳೆ ಕೊಲ್ಲುವ ಮದ್ದು. ಮುಟ್ಟಬೇಡಿ ಅಂತ ಹೇಳ್ಲಿಕ್ಕೆ ದಾರ ಕಟ್ಟಿದ್ದು."

ಕಾರ್ಡಿನ ನಿಮಿಷ ಮುಗಿಯಿತೇನೋ ಎಂದುಕೊಂಡ. ಆಮೇಲೆ ಅಜ್ಜಿ ಮೆಲ್ಲಗೆ, "ಅದಕ್ಕಾ?" ಎಂದಳು. "ಅಗ್ದ ದಿನ ಅಂಗೈ ಉರೀತು. ಗಿಡದ ಆಲು ತಾಕೈತೆ ಅಂದ್ಕಂಡು ಎಣ್ಣೆ ಅಚ್ಕಂಡೆ. ಓಯ್ತು."

"ಈಗ? ಈಗ ಏನೂ ಇಲ್ವಾ?"

"ಈ ವಯಸ್ಸಲ್ಲಿ ಒಂದೊಂದ್ಸಲ ಉರೀತದೆ, ಒಂದೊಂದ್ಸಲ ಇಲ್ಲ. ಅದಕ್ಕೂ ಇದಕ್ಕೂ ಏನು? ಬುಡು." ಆಮೇಲೆ ಹೇಳಿದಳು, "ಆದ್ರೆ ಐವಣ್ಣ, ಕಟ್ಟಿರೋ ಗಂಟು ಅಂಗೇ ಬುಡಬ್ಯಾಡ. ಕೇಳ್ಕಂಡು ಕೊಂದಂಗಾಯ್ತದೆ. ಎಲ್ಲಿಂದ ಬಂದ್ವೋ ಅಲ್ಲಿಗೇ ಆಕು. ದಾರ ಬಿಚ್ಚಿ ಆಕು. ಕೊಯ್ಯಬ್ಯಾಡ ಮತ್ತೆ, ಬಿಚ್ಚು."

"ಆಗ್ಲಿ ಅಜ್ಜಿ. ಅಜ್ಜಿ, ನಿಮ್ಮ ಹೆಸರೆಂತ?"

"ವೆಂಕಟಮ್ಮ. ಈಗ ಕೇಳ್ತಾನೆ ನೋಡು!"

ಸೋಮವಾರ ಬೆಳಿಗ್ಗೆ ಡೀನ್‌ನ ಲಾರಿ ಗುಡ್ಡದ ರಸ್ತೆಯ ಅಂಚಿಗೆ ನಿಂತಿತು. ಮಂಜು ಇತ್ತು. ಕಂಬಗಳು ಕಂಬಗಳಂತೆಯೇ ಕಂಡವು. ಐವನ್ ಡಬ್ಬಿ ಹಿಡಿದು ಗುಂಡಿಗಳ ಪಕ್ಕ ಕುಳಿತ. ನೈಲಾನಿನ ಗಂಟು ನೆನೆದು ಒಣಗಿ ಬಿಗಿದುಹೋಗಿತ್ತು. ಅಭ್ಯಾಸದಂತೆ ಹಲ್ಲಿಗೆ ತರಲು ಹೋದವನು ತಡೆದುಕೊಂಡ. ಕೈಗವಸಿನಲ್ಲಿ ಬಿಚ್ಚಲಾಗಲಿಲ್ಲ. ಜೇಬಿನಲ್ಲಿ ಚಾಕುವಿತ್ತು, ತೆಗೆಯಲಿಲ್ಲ. ಕೊನೆಗೆ ಕೈಗವಸು ಕಳಚಿಟ್ಟು, ಬೆರಳ ಪಟ್ಟಿಗಳನ್ನೂ ಬಿಡಿಸಿ, ಬರಿಯ ಉಗುರಿನಿಂದ ಒಂದೊಂದೇ ಗಂಟು ಬಿಚ್ಚಿದ. ಅಜ್ಜಿ ಬರಿಗೈಯಲ್ಲೇ ಅಗೆದಿದ್ದಳಲ್ಲ. ಪ್ರತಿ ಬೇರನ್ನೂ ಒಂದೊಂದು ಗುಂಡಿಗೆ ಇಳಿಸಿ ಮಣ್ಣು ಒತ್ತಿದ. ಹೀಗೆ ಒತ್ತುವಾಗ ಊರಿನ ಬಾವಿ ಕಣ್ಣಿಗೆ ಬಂತು. ಯಾರೂ ತೆಗೆಯದೆ ಕೊಳೆತ ಗರಿಗಳು, ಅವುಗಳ ಕೆಳಗೆ ಯಾರೂ ಸೇದದ ನೀರು.

ಡೀನ್ ಒಮ್ಮೆ ಹಾರ್ನ್ ಒತ್ತಿದ. ಆಮೇಲೆ ಏನು ತಿಳಿಯಿತೋ, ಇಂಜಿನ್ ಆರಿಸಿ ಕಾದ.

ಕೊನೆಯ ದಾರವನ್ನು ಬಿಚ್ಚಿ ಜೇಬಿಗಿಟ್ಟುಕೊಂಡು ಐವನ್ ಎದ್ದ. ಡೀನ್ ಕಿಟಕಿಯಿಂದ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಚಾಚಿದ. ಇಷ್ಟು ದಿನ ಬೇಡ ಎಂದವನಿಗೂ ದಿನವೂ ಹಾಗೇ ಚಾಚುತ್ತಿದ್ದ. ಐವನ್ ಲಾರಿಯ ಹಿಂದಿನ ನಲ್ಲಿಯಲ್ಲಿ ಕೈ ತೊಳೆದುಕೊಂಡ, ಮತ್ತೊಮ್ಮೆ ತೊಳೆದುಕೊಂಡ. ಅಂಗೈ ಉರಿಯುತ್ತಿದೆಯೇ ಎಂದು ನೋಡಿಕೊಂಡ. ಗೊತ್ತಾಗಲಿಲ್ಲ, ನೀರು ಅಷ್ಟು ತಣ್ಣಗಿತ್ತು. ಕೈಯನ್ನು ಕೋಟಿಗೆ ಒರೆಸಿಕೊಂಡು ಮುಚ್ಚಳವನ್ನು ತೆಗೆದುಕೊಂಡ.